ಅಮ್ಮ ಹೆಸರಿಟ್ಟ ಫೋಲ್ಡರ್

ಖುಮ್ಸ್, ಲಿಬಿಯಾ
ನವೆಂಬರ್ ತಿಂಗಳ ಎರಡನೆಯ ಶುಕ್ರವಾರ

ಪ್ರೀತಿಯ ಅಶೂರಣ್ಣಾ,

ದೇವರು ನಿನಗೆ ಶಾಂತಿ ಕೊಡಲಿ, ನಿನ್ನ ಸಿಟ್ಟಿಗೂ ಅದರಲ್ಲಿ ಒಂದು ಪಾಲು ಸಿಗಲಿ. ಸೊಂಟನೋವು ಹೇಗಿದೆ? ಇಜ್ಮಿರ್‌ನ ಚಳಿಯಲ್ಲಿ ಅಂಗಡಿಯ ಕಲ್ಲುನೆಲದ ಮೇಲೆ ಬರಿಗಾಲಲ್ಲಿ ನಿಲ್ಲಬೇಡವೆಂದು ಅಮ್ಮ ಹೇಳಿ ಹೇಳಿ ಸೋತಿದ್ದಳು. ಈಗ ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ. ಅತ್ತಿಗೆ ಹೇಗಿದ್ದಾರೆ? ಮಕ್ಕಳು ನಮ್ಮ ಮಾತು ಆಡುತ್ತಾರೋ, ಪೂರಾ ಟರ್ಕಿಯವರೇ ಆಗಿಹೋದರೋ? ನಾವೆಲ್ಲ ಚೆನ್ನಾಗಿದ್ದೇವೆ. ಫತ್ಹಿಯಾ ಅತ್ತೆಯ ಮಂಡಿ ಹಾಗೇ ಇದೆ, ನಾಲಿಗೆಯೂ ಹಾಗೇ ಇದೆ. ತಿಬ್ರಾಗೆ ವಾಂತಿ ನಿಂತು ಊಟ ಸೇರುತ್ತಿದೆ. ನಮ್ಮ ಪುಟ್ಟ ತಂಗಿ ತಾಯಿಯಾಗುತ್ತಾಳೆಂದರೆ ನನಗಿನ್ನೂ ನಂಬಿಕೆಯೇ ಬರುವುದಿಲ್ಲ. ಬೆಳಿಗ್ಗೆ ಹೋದ ಕರೆಂಟು ಮಧ್ಯಾಹ್ನ ಬರುತ್ತದೆ, ಬಂದದ್ದು ಸಂಜೆಯ ಮಗ್ರಿಬ್ ನಮಾಜಿನ ಹೊತ್ತಿಗೆ ಮತ್ತೆ ಹೋಗುತ್ತದೆ. ಅಂಗಳದ ನಿಂಬೆಗಿಡ ಮಾತ್ರ ಯಾವುದಕ್ಕೂ ಸೊಪ್ಪು ಹಾಕದೆ ಈ ವರ್ಷವೂ ಕಾಯಿ ಬಿಟ್ಟಿದೆ.

ಫೋನು ಇರುವಾಗ ಕಾಗದ ಯಾಕೆ ಎನ್ನುತ್ತೀಯ. ಫೋನಿನಲ್ಲಿ ನೀನು ಮಾತಾಡುತ್ತೀಯ, ನಾನು ಹೂಂಗುಡುತ್ತೇನೆ. ನಾನು ಬಾಯಿ ತೆರೆದರೆ ‘ಮಬ್ರೂಕಾ, ಮೊದ್ಲು ನಾನ್ ಹೇಳೋದು ಕೇಳು’ ಎಂದು ಮತ್ತೆ ಮೊದಲಿನಿಂದ ಶುರು ಹಚ್ಚುತ್ತೀಯ. ಕಳೆದ ಸಲವಂತೂ ನಾನು ‘ಇಲ್ಲ’ ಎಂದದ್ದೇ ತಡ, ನೀನು ಪಟ್ಟನೆ ಫೋನು ಇಟ್ಟೆ. ಅಂದಿನಿಂದ ಎತ್ತುತ್ತಲೂ ಇಲ್ಲ. ಕಾಗದದ ಬಾಯಿ ಮುಚ್ಚಿಸಲು ನಿನ್ನಿಂದಾಗದು. ಹರಿದು ಹಾಕಬಹುದು; ಆದರೆ ನಿನ್ನನ್ನು ನಾನು ಬಲ್ಲೆ, ಓದಿದ ಮೇಲೆಯೇ ಹರಿಯುತ್ತೀಯ. ಅಷ್ಟು ಸಾಕು ನನಗೆ.

ನಿನ್ನ ಅಪ್ಪಣೆ ನನಗೆ ಬಾಯಿಪಾಠವಾಗಿದೆ. ನನ್ನ ಕಂಪ್ಯೂಟರ್ ಕೆಟ್ಟದ್ದು ಒಳ್ಳೆಯದೇ ಆಯಿತು. ಅದನ್ನು ನಿನ್ನ ಗೆಳೆಯ ಮಿಫ್ತಾಹ್‌ನ ರಿಪೇರಿ ಅಂಗಡಿಗೆ ಕಳಿಸಬೇಕು. ಅವನು ಒಳಗಿರುವುದನ್ನೆಲ್ಲ ಅಳಿಸಿ ಮಾರಿಕೊಡುತ್ತಾನೆ. ಅಮ್ಮ ಇದ್ದಾಗ ಒಂದು ಮಾತು, ಈಗ ಒಂದು ಮಾತು. ಕ್ಯಾಮೆರಾ ಹೊತ್ತುಕೊಂಡು ಊರವರ ಮದುವೆಮನೆ ಅಲೆದದ್ದು ಸಾಕು. ಮನೆಗೆ ಹಿರಿಯ ನೀನು. ಹಿರಿಯ ನೀನೇ, ಯಾರು ಇಲ್ಲವೆಂದರು? ಆದರೆ ಅಣ್ಣಾ, ಕಡ್ಡಿ ಮುರಿದಂತೆ ಹೇಳಿಬಿಡುತ್ತೇನೆ: ಆ ಯಂತ್ರವನ್ನು ನೀನು ಹೇಳಿದ ಹಾಗೆ ನಾನು ಕಳಿಸಲಿಲ್ಲ. ಕೆಲಸವನ್ನೂ ಬಿಡುವುದಿಲ್ಲ. ಯಾಕೆಂದು ಕೇಳುವ ತಾಳ್ಮೆ ಈಗಲಾದರೂ ಇಟ್ಟುಕೋ.

ಹೆಂಗಸರ ಕಡೆಯ ಮದುವೆ ಹೇಗಿರುತ್ತದೆಂದು ನೀನು ಕಂಡವನಲ್ಲ, ಕಾಣುವುದೂ ಬೇಡ. ಬಾಗಿಲಲ್ಲೇ ಎಲ್ಲರ ಫೋನಿನ ಕಣ್ಣಿಗೆ ಅಂಟುಪಟ್ಟಿ ಹಚ್ಚಿ ಒಳಗೆ ಬಿಡುತ್ತಾರೆ. ಒಳಗೆ ಕಣ್ಣು ತೆರೆದಿರುವ ಕ್ಯಾಮೆರಾ ನನ್ನದೊಂದೇ. ಅಜ್ಜಿಯರಿಂದ ಹಿಡಿದು ಎಲ್ಲರೂ ಮುಸುಕು ತೆಗೆದು, ಕೂದಲು ಬಿಚ್ಚಿ, ಡೋಲು ಬಡಿಯುವ ಹಾಡುಗಾರ್ತಿಯರ ಸುತ್ತ ಕುಣಿಯುವಾಗ ನನ್ನತ್ತ ತಿರುಗಿಯೂ ನೋಡುವುದಿಲ್ಲ. ಅವರು ನಂಬಿರುವುದು ಕ್ಯಾಮೆರಾವನ್ನಲ್ಲ, ನಮ್ಮಮ್ಮನ ಮಗಳನ್ನು. ಮಾನ ಮರ್ಯಾದೆ ಎಂದು ನನಗೆ ಪಾಠ ಹೇಳಿದ ನೀನೇ, ಆ ಯಂತ್ರದೊಳಗಿರುವ ಎಲ್ಲ ಹೆಣ್ಣುಮಕ್ಕಳನ್ನು ಹೊತ್ತೊಯ್ದು ಗಂಡಸರು ಹರಟೆ ಕೊಚ್ಚುವ ಅಂಗಡಿಯ ಮೇಜಿನ ಮೇಲೆ ಇಟ್ಟು ಬಾ ಎನ್ನುತ್ತೀಯಲ್ಲ, ಹೇಳುವಾಗ ನಿನ್ನ ನಾಲಿಗೆ ತಡವರಿಸಲೂ ಇಲ್ಲವಲ್ಲ! ನಿನ್ನ ಗೆಳೆಯ ಒಳ್ಳೆಯವನೇ ಇರಬಹುದು. ಒಳ್ಳೆಯವನಿಗೂ ಎರಡು ಕಣ್ಣು ಇದ್ದೇ ಇರುತ್ತವಲ್ಲ.

ಇದು ಒಂದು ಕಾರಣ. ಇನ್ನೊಂದನ್ನು ನೀನು ಕೇಳಲಿಲ್ಲ, ನಾನೂ ಹೇಳಿರಲಿಲ್ಲ. ಆ ಯಂತ್ರದೊಳಗೆ ಅಮ್ಮ ಇದ್ದಾಳೆ. ಫೋಟೋ ಎಂದರೆ ಹಾವು ತುಳಿದವಳಂತೆ ಹಾರಿಬೀಳುತ್ತಿದ್ದಳು, ನಿನಗೆ ಗೊತ್ತಲ್ಲ. ಹಜ್ ಯಾತ್ರೆಗೆಂದು ತೆಗೆಸಿದ ಪಾಸ್‌ಪೋರ್ಟಿನ ಚಿತ್ರ ಬಿಟ್ಟರೆ ಅವಳದೆಂದು ಈ ಮನೆಯಲ್ಲಿ ಒಂದೇ ಒಂದು ಪಟವಿಲ್ಲ. ಅದರಲ್ಲೂ ಪೊಲೀಸರ ಮುಂದೆ ನಿಂತವಳ ಮುಖ. ಆದರೆ ತಿಬ್ರಾ ಮದುವೆಯಲ್ಲಿ ಕ್ಯಾಮೆರಾ ಹಿಡಿದವಳು ಸ್ವಂತ ಮಗಳು, ನೋಡುವವರು ಹೆಂಗಸರು, ಆದ್ದರಿಂದ ಸುಮ್ಮನಾದಳು. ಸುಮ್ಮನಾದಳೇನು, ಕುಣಿದಳು. ಹಾಡಿದಳು. ಊರವರ ಮದುವೆಗಳನ್ನೆಲ್ಲ ಹೊತ್ತಿಗೆ ಸರಿಯಾಗಿ ಡಿಸ್ಕು ಮಾಡಿ ಮನೆಮನೆಗೆ ಮುಟ್ಟಿಸುವ ನಾನು, ನಮ್ಮದೇ ತಾನೇ, ಆಮೇಲೆ ಮಾಡಿದರಾಯಿತೆಂದು ಬಿಟ್ಟಿದ್ದೆ. ಮರುವಾರವೇ ಅಮ್ಮ ಹಾಸಿಗೆ ಹಿಡಿದಳು. ಮುಂದಿನದು ನಿನಗೆ ಗೊತ್ತಿದೆ. ವಿಮಾನ ನಿಲ್ದಾಣ ಮುಚ್ಚಿತ್ತು, ಮಣ್ಣಿಗೂ ನಿನಗೆ ಬರಲಾಗಲಿಲ್ಲ; ಅದಕ್ಕೆ ನಾನು ನಿನ್ನನ್ನು ದೂರುವುದಿಲ್ಲ. ಅದಕ್ಕೆ ಮುಂಚಿನ ವರ್ಷಗಳಿಗೆ ದೂರುತ್ತೇನೆ. ಆಗ ವಿಮಾನಗಳು ಹಾರಾಡುತ್ತಿದ್ದವು.

ಅಮ್ಮ ಹೋಗಿ ನಲವತ್ತು ದಿನ ಕಳೆಯುವವರೆಗೆ ಆ ಯಂತ್ರದ ಮುಖವನ್ನೇ ನಾನು ನೋಡಿರಲಿಲ್ಲ. ಮನಸ್ಸು ಗಟ್ಟಿ ಮಾಡಿಕೊಂಡು ಹಚ್ಚಿದ ದಿನವೇ ಕರೆಂಟು ಹೋಗಿ, ಬಂದು, ಮತ್ತೆ ಹೋಗಿ, ಗಕ್ಕನೆ ಬಂದ ಹೊಡೆತಕ್ಕೆ ಎಲ್ಲ ಮುಗಿಯಿತು. ಆಮೇಲೆ ಎಷ್ಟು ಸಲ ಹಚ್ಚಿದರೂ ಬಣ್ಣದ ಪರದೆ ಏಳಲಿಲ್ಲ. ಅಲ್ಲಿಯವರೆಗೆ ನನಗೆ ಗೊತ್ತಿದ್ದದ್ದು ಪುಟ್ಟ ಪುಟ್ಟ ಚಿತ್ರ ನೋಡಿ, ಇದು ಇಂಥವರ ಮದುವೆ ಎಂದು ಗುರುತು ಹಿಡಿದು, ಅದರ ಮೇಲೆ ಒತ್ತುವುದಷ್ಟೇ. ಚಿತ್ರವಿಲ್ಲವೆಂದರೆ ನನ್ನ ಕೈಯೇ ಕಟ್ಟಿಹೋದ ಹಾಗೆ. ತಿಬ್ರಾ ಅತ್ತು ಕರೆದಳು. ಆ ಅಳುವಿನ ನಡುವೆಯೇ ನೀನು ಫೋನು ಮಾಡಿ ‘ಒಳ್ಳೇದೇ ಆಯ್ತು’ ಎಂದದ್ದು. ನನ್ನ ಹೊಟ್ಟೆಗೆ ಬೆಂಕಿ ಬೀಳದೆ ಇನ್ನೇನಾದೀತು ಹೇಳು.

ನೀನು ಕಳಿಸಿದ ಮಿಫ್ತಾಹ್ ಒಂದು ಮಧ್ಯಾಹ್ನ ಕಾರು ತಂದು ಬಾಗಿಲಲ್ಲಿ ನಿಂತ. ಗಂಡಸರ ಕೋಣೆಯಲ್ಲಿ ಕೂರಿಸಿ, ನಡುವಿನ ಪರದೆ ಎಳೆದು, ಅತ್ತೆಯನ್ನು ಈಚೆ ಕಾವಲಿಗೆ ಕೂರಿಸಿಕೊಂಡು ಮಾತಿಗಿಳಿದೆ. ಅತ್ತೆ ಟೀಯನ್ನು ಈ ಪಾತ್ರೆಯಿಂದ ಆ ಪಾತ್ರೆಗೆ ಎತ್ತಿ ಸುರಿದು ನೊರೆ ಎಬ್ಬಿಸುತ್ತಲೇ ಇದ್ದಳು, ಕಿವಿ ಮಾತ್ರ ಪರದೆಯ ಆಚೆ. ಅವನು ಬಹಳ ಮರ್ಯಾದೆಯಿಂದಲೇ ಹೇಳಿದ, ಅಶೂರ್ ಹೇಳಿದ್ದಾನೆ, ನಾನು ಏನನ್ನೂ ನೋಡುವುದಿಲ್ಲ, ಸುಮ್ಮನೆ ಅಳಿಸಿಬಿಡುತ್ತೇನೆ ಎಂದು. ಅಳಿಸುವುದೇ ಬೇಡ, ಒಳಗೆ ನಮ್ಮಮ್ಮ ಇದ್ದಾಳೆ ಎಂದೆ. ಹಾಗಾದರೆ ಅಂಗಡಿಗೆ ಒಯ್ದು ಅದೊಂದನ್ನು ಹುಡುಕಿ ತೆಗೆದುಕೊಡುತ್ತೇನೆ ಎಂದ. ಆಗ ನಾನು ಅಂದೆ:

“ಮಿಫ್ತಾಹಣ್ಣ, ನಿಮ್ಮ ಹೆಂಡ್ತಿ ಮದುವೇನೂ ಇದರೊಳಗೇ ಇದೆ. ಹುಡುಕ್ತಾ ಹುಡುಕ್ತಾ ಅದೂ ತೆರ್ಕೊಳ್ಳತ್ತೆ. ಅಂಗಡೀಲಿ ಕೂತವ್ರೆಲ್ಲ ನೋಡ್ಲಾ?”

ಪರದೆಯ ಆಚೆ ಟೀ ಲೋಟ ಕೆಳಗಿಟ್ಟ ಸದ್ದಾಯಿತು. ಅತ್ತೆ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ಆಮೇಲೆ ಅವನ ಸ್ವರ ಬಂತು, ಮೊದಲಿನದಕ್ಕಿಂತ ಮೆತ್ತಗೆ: “ಹಂಗಾದ್ರೆ ನೀವೇ ಒಳಗೆ ಹೋಗ್ಬೇಕಮ್ಮ. ನಾನು ಇಲ್ಲೇ ಕೂತು ದಾರಿ ಹೇಳ್ತೀನಿ. ಕಪ್ಪು ಪರದೆ ಅಂತ ಒಂದಿದೆ, ಅದ್ರಲ್ಲಿ ಯಾರ ಮುಖಾನೂ ಕಾಣಲ್ಲ.”

ಅಣ್ಣಾ, ನಿನ್ನ ಗೆಳೆಯನ ಮೇಲೆ ನನಗಿದ್ದ ಸಿಟ್ಟು ಅರ್ಧ ಅಲ್ಲೇ ಇಳಿಯಿತು. ಅವನು ಆಚೆಯಿಂದ ಹೇಳುತ್ತ ಹೋದ, ನಾನು ಈಚೆಯಿಂದ ಒತ್ತುತ್ತ ಹೋದೆ. ಯಾವುದೋ ಕೀ ಒತ್ತಿ ಹಿಡಿದು ಹಚ್ಚಿದ ಮೇಲೆ ಕಪ್ಪು ಪರದೆ ಬಂತು, ಮೂಲೆಯಲ್ಲಿ ಒಂದು ಬಿಳಿ ಗೆರೆ ಮಿನುಗುತ್ತ ಕೂತಿತ್ತು. ಅತ್ತೆ ಇಣುಕಿ ನೋಡಿ ‘ಏನೇ ಇದು, ಸೀದುಹೋದ ತಪ್ಪಲೆ ಥರ’ ಎಂದಳು. ಅಲ್ಲಿ ಚಿತ್ರವೂ ಇಲ್ಲ, ಬಾಣವೂ ಇಲ್ಲ, ಮೌಸು ಹಿಡಿದು ಅಲ್ಲಾಡಿಸಿದರೆ ಕೇಳುವವರೇ ಇಲ್ಲ. ಬೇಕಾದ್ದನ್ನು ಅಕ್ಷರ ಹೊಡೆದು ಕೇಳಬೇಕು. ಡಿ ಐ ಆರ್ ಎಂದು ಹೊಡೆದು ದೊಡ್ಡ ಕೀ ಒತ್ತಿದರೆ, ನಾವು ನಿಂತ ಕಡೆ ಏನೇನಿದೆ ಎಂದು ಸಾಲಾಗಿ ಹೇಳುತ್ತದೆ. ಸಿ ಡಿ ಎಂದು ಹೊಡೆದು, ಒಂದು ಜಾಗ ಬಿಟ್ಟು, ಫೋಲ್ಡರಿನ ಹೆಸರು ಹೊಡೆದರೆ ಅದರೊಳಕ್ಕೆ ಬಿಡುತ್ತದೆ. ತಪ್ಪಿ ಬಂದೆವೆಂದರೆ ಸಿ ಡಿ ಹೊಡೆದು ಎರಡು ಚುಕ್ಕೆ ಇಡಬೇಕು, ಒಂದು ಬಾಗಿಲು ಹಿಂದಕ್ಕೆ. ಅಷ್ಟೇ ವಿದ್ಯೆ. ಕರೆಂಟು ಹೋದಾಗ ಗೋಡೆ ಸವರಿಕೊಂಡು ನಡುಮನೆ ದಾಟಿ ಅಡುಗೆಮನೆಗೆ ಹೋಗುತ್ತೇವಲ್ಲ, ಹಾಗೆ. ಮನೆ ನಮ್ಮದೇ, ಕಾಣುವುದಿಲ್ಲ ಅಷ್ಟೇ.

ಮೊದಲ ಸಲ ಹೆಸರು ತಪ್ಪು ಹೊಡೆದೆ. ಅಂಥ ದಾರಿಯೇ ಇಲ್ಲ ಎಂದು ಯಂತ್ರ ಉತ್ತರ ಕೊಟ್ಟಿತು. ಅದನ್ನು ನಾನು ಜೋರಾಗಿ ಓದಿದ್ದೇ ತಡ, ಅತ್ತೆ ರೇಗಿದಳು: ‘ನಮ್ಮನೇಲಿ ಕೂತ್ಕೊಂಡು ನಮಗೇ ದಾರಿ ಇಲ್ಲ ಅನ್ನತ್ತಾ?’ ಪರದೆಯ ಆಚೆ ನಗು ಕೇಳಿಸಿತು. ಎರಡನೆಯ ಸಲ ಸರಿ ಹೊಡೆದೆ, ಬಾಗಿಲು ತೆರೆಯಿತು. ಒಂದರೊಳಗೆ ಒಂದು, ಅದರೊಳಗೆ ಇನ್ನೊಂದು ಎಂದು ಹೋಗುತ್ತಾ ಕೊನೆಗೆ ಮದುವೆಗಳೆಲ್ಲ ಇರುವ ಕಡೆಗೆ ತಲುಪಿದೆ. ಏನೇನು ಕಾಣುತ್ತಿದೆ, ಓದಿ ಎಂದ ಮಿಫ್ತಾಹ್. ಧಾರಾಳವಾಗಿ ಓದಿದೆ. ಹೆಣ್ಣುಮಕ್ಕಳ ಹೆಸರು ಅನ್ಯರ ಕಣ್ಣಿಗೆ ಬೀಳಬಾರದೆಂದು ನಾನು ಯಾವ ಫೋಲ್ಡರಿಗೂ ಮದುಮಗಳ ಹೆಸರಿಡುವವಳಲ್ಲ. ಆ ದಿನ ಏನಾಯಿತೋ ಅದನ್ನೇ ಇಡುತ್ತೇನೆ. ಬಿದ್ದ ಕೇಕು. ಮೆಟ್ಟಿಲ ಮೇಲೆ ಕುರಿ. ಹರಿದ ಡೋಲು. ಚಪ್ಪಲಿ ಕಳೆದ ಅತ್ತೆ. ಓದುತ್ತ ಹೋದಂತೆ ಆಚೆ ಅವನು ಉಸಿರು ಬಿಗಿಹಿಡಿದು ನಗುತ್ತಿದ್ದ. ಕೊನೆಗೆ ತಡೆಯಲಾರದೆ ಕೇಳಿದ, ನಮ್ಮದು ಯಾವುದು ಎಂದು. ನಾನು ಹೇಳಲಿಲ್ಲ. ‘ಕುರಿ ಅಲ್ಲ ಬಿಡಪ್ಪ, ಟೀ ಕುಡಿ’ ಎಂದು ಅತ್ತೆ ಸಮಾಧಾನ ಮಾಡಿದಳು. ಯಾವುದೆಂದು ನಿನಗೂ ಹೇಳುವುದಿಲ್ಲ.

ಆದರೆ ನಮ್ಮದು ಯಾವುದು? ನನ್ನ ನಗು ನಿಂತದ್ದು ಅಲ್ಲಿ. ಓದಿದ ಒಂದೊಂದು ಹೆಸರೂ ನಾನೇ ಇಟ್ಟದ್ದು, ಒಂದೊಂದರ ಹಿಂದಿನ ಮದುವೆಯೂ ನೆನಪಿದೆ, ಯಾವುದೂ ತಿಬ್ರಾಳದಲ್ಲ. ತಾರೀಖು ನೋಡಿ ಹಿಡಿಯೋಣವೆಂದರೆ ಕರೆಂಟಿನ ಕಾಟಕ್ಕೆ ಯಂತ್ರದ ಗಡಿಯಾರ ಎಂದೋ ಕೆಟ್ಟು, ಎಲ್ಲದರ ಮುಂದೆಯೂ ಒಂದೇ ಹಳೆಯ ಇಸವಿ. ಸಾಲಿನ ಕಟ್ಟಕಡೆಗೆ ಹೆಸರೇ ಇಲ್ಲದ ಒಂದು ಇತ್ತು, ಹೆಸರಿರಬೇಕಾದ ಕಡೆ ಬರೀ ಪ್ರಶ್ನೆ ಚಿಹ್ನೆಗಳು. ಅದು ಹೊಡೆತಕ್ಕೆ ಹಾಳಾದದ್ದಿರಬೇಕು, ಅದರ ತಂಟೆಗೆ ಹೋಗಬೇಡಿ, ಬಿಟ್ಟುಬಿಡಿ ಎಂದ ಮಿಫ್ತಾಹ್. ಇಷ್ಟೂ ಮದುವೆಗಳಲ್ಲಿ ಹಾಳಾದದ್ದು ನಮ್ಮದೊಂದೇ ಎಂದರೆ ಅಮ್ಮ ಎರಡನೆಯ ಸಲ ಹೋದ ಹಾಗೆ ಅಲ್ಲವೇ. ಕೈಚೆಲ್ಲಿ ಕೂತೆ. ತಿಬ್ರಾಗೆ ಏನು ಹೇಳಲಿ ಎಂದೆ. ಆಗ ಅತ್ತೆ ಟೀ ಪಾತ್ರೆ ಕೆಳಗಿಟ್ಟು ನನ್ನನ್ನೇ ಕೇಳಿದಳು: “ಹೆಸ್ರು ಇಟ್ಟಿದ್ದು ಯಾರೇ, ನೀನಾ?”

ನಾನಲ್ಲ. ನೆನಪಾಯಿತು. ಮದುವೆಯ ಮರುದಿನ ಕ್ಯಾಮೆರಾದಿಂದ ಎಲ್ಲ ಒಳಗಿಳಿಸುತ್ತ ಕೂತಿದ್ದೆ. ಅಮ್ಮ ಕೈಯ ಮದರಂಗಿ ನೋಡಿಕೊಳ್ಳುತ್ತ ಪಕ್ಕಕ್ಕೆ ಬಂದು ಕೂತು, ಈ ಹಳದಿ ಚೀಲಗಳೆಲ್ಲ ಏನು, ಇವಕ್ಕೆ ಯಾರು ಹೆಸರಿಡುತ್ತಾರೆ ಎಂದೆಲ್ಲ ವಿಚಾರಿಸಿದಳು. ಆಮೇಲೆ ‘ನಮ್ಮದಕ್ಕೆ ನಾನೇ ಇಡ್ತೀನಿ, ನೀನು ಹೋಗಿ ಅಡುಗೆ ನೋಡು’ ಎಂದು ನನ್ನನ್ನು ಎಬ್ಬಿಸಿದಳು. ಕೀಲಿಮಣೆಯನ್ನು ಅರಬ್ಬಿಗೆ ತಿರುಗಿಸಿ ಕೊಟ್ಟು ಎದ್ದು ಹೋದೆ. ಒಂದೇ ಬೆರಳಲ್ಲಿ ಕುಟ್ಟುತ್ತಿದ್ದ ಸದ್ದು ಅಡುಗೆಮನೆಗೂ ಕೇಳಿಸುತ್ತಿತ್ತು. ಬಂದು ನೋಡಿದರೆ ಯಂತ್ರ ಆರಿಸಿ ಏನೋ ಗೆದ್ದವಳ ಹಾಗೆ ಕೂತಿದ್ದಳು. ಏನಿಟ್ಟೆ ಎಂದರೆ, ನಿನಗ್ಯಾಕೆ ಎಂದಳು. ಅಷ್ಟರಲ್ಲಿ ನೆಂಟರು ಬಂದರು, ಮಾತು ಅಲ್ಲಿಗೇ ನಿಂತಿತು.

ಅದನ್ನು ಪರದೆಯ ಆಚೆಗೆ ಹೇಳಿದೆ. ನಾನು ಹೆಸರಿಡುವುದು ಇಂಗ್ಲಿಷ್ ಅಕ್ಷರದಲ್ಲಿ, ಕ್ಯಾಮೆರಾ ಕೆಲಸದ ತರಬೇತಿಯಲ್ಲಿ ಹಾಗೆಯೇ ಕಲಿಸಿದ್ದರು. ಅಮ್ಮನಿಗೆ ಬರುತ್ತಿದ್ದದ್ದು ಅರಬ್ಬಿ ಒಂದೇ. ಮಿಫ್ತಾಹ್ ತೊಡೆ ತಟ್ಟಿಕೊಂಡದ್ದು ಇಲ್ಲಿಗೆ ಕೇಳಿಸಿತು. ಕಪ್ಪು ಪರದೆಗೆ ನಮ್ಮ ಲಿಪಿ ತೋರಿಸಲು ಬರುವುದಿಲ್ಲ, ಅದಕ್ಕೇ ಆ ಚಿಹ್ನೆಗಳು, ಫೋಲ್ಡರ್ ಹಾಳಾಗಿಲ್ಲ ಎಂದ. ಹೆಸರು ಗೊತ್ತಿಲ್ಲದ ಬಾಗಿಲು ತೆರೆಯುವುದು ಹೇಗೆ ಎಂದೆ. ಅದಕ್ಕೂ ಉಪಾಯವಿತ್ತು. ಸಿ ಡಿ ಹೊಡೆದು, ಜಾಗ ಬಿಟ್ಟು, ಟ್ಯಾಬ್ ಎಂಬ ಕೀ ಒತ್ತುತ್ತಾ ಹೋಗಬೇಕು. ಯಂತ್ರ ತಾನೇ ಒಂದೊಂದು ಹೆಸರನ್ನು ಮುಂದೆ ಹಿಡಿಯುತ್ತದೆ, ನಮ್ಮದು ಬಂದಾಗ ನಿಲ್ಲಬೇಕು. ಒತ್ತಿದೆ. ಕೇಕು ಬಂತು, ಕುರಿ ಬಂತು, ಡೋಲು ಬಂತು, ಚಪ್ಪಲಿ ಬಂತು, ಕಡೆಗೆ ಓದಲು ಬಾರದ ಆ ಪ್ರಶ್ನೆ ಚಿಹ್ನೆಗಳು ಬಂದು ನಿಂತವು. ಬಿಸ್ಮಿಲ್ಲಾ ಎಂದು ದೊಡ್ಡ ಕೀ ಒತ್ತಿದೆ. ಯಂತ್ರ ಏನೂ ಅನ್ನಲಿಲ್ಲ, ಸುಮ್ಮನೆ ಒಳಗೆ ಬಿಟ್ಟಿತು. ಡಿ ಐ ಆರ್ ಹೊಡೆದೆ. ಕ್ಯಾಮೆರಾ ಕೊಟ್ಟ ಅಂಕಿಗಳ ಸಾಲು, ಒಂದೂ ತಪ್ಪಿಲ್ಲ. ಹೆಸರೂ ಇಲ್ಲ, ಮುಖವೂ ಇಲ್ಲ, ಆದರೂ ನನಗೆ ಅಳು ಬಂತು ಅಣ್ಣಾ. ಅತ್ತೆ ಬಂದು ನನ್ನ ತಲೆ ಸವರಿ, ಪರದೆಯತ್ತ ತಿರುಗಿ, ‘ಸಿಕ್ಕಿದ್ಳಪ್ಪಾ ಸಿಕ್ಕಿದ್ಳು’ ಎಂದು ಕೂಗಿ ಹೇಳಿದಳು.

ಅದನ್ನು ಪುಟ್ಟ ಪೆನ್‌ಡ್ರೈವಿಗೆ ಇಳಿಸುವುದನ್ನೂ ಅವನೇ ಹೇಳಿಕೊಟ್ಟ. ಇಳಿಯುವಷ್ಟು ಹೊತ್ತೂ ಅತ್ತೆ ಜಪಮಾಲೆ ಹಿಡಿದು ಗೋಡೆಯ ಸ್ವಿಚ್ಚನ್ನೇ ದುರುಗುಟ್ಟಿಕೊಂಡು ಕೂತಳು. ಮಗ್ರಿಬ್ ಬಾಂಗ್ ಆಯಿತು, ಕರೆಂಟು ಹೋಗಲಿಲ್ಲ. ಅದಕ್ಕೂ ಅವಳ ನಾಲಿಗೆಯ ಭಯವಿದ್ದಿರಬೇಕು. ಮರುದಿನ ಅದನ್ನು ತಿಬ್ರಾ ಮನೆಗೆ ಒಯ್ದು, ಬಾಗಿಲು ಹಾಕಿಕೊಂಡು, ಅವಳ ಲ್ಯಾಪ್‌ಟಾಪಿನಲ್ಲಿ ಮೂವರೂ ನೋಡಿದೆವು. ಅಮ್ಮ ಪಟ್ಟೆಪಟ್ಟೆ ರೇಷ್ಮೆ ಉಟ್ಟಿದ್ದಾಳೆ, ನರೆತ ಕೂದಲು ಬೆನ್ನ ತುಂಬ ಇಳಿದಿದೆ. ಹಾಡುಗಾರ್ತಿಯ ಕೈಯಿಂದ ಡೋಲು ಕಿತ್ತುಕೊಂಡು ತಾನೇ ಬಾರಿಸುತ್ತ ಹಾಡುತ್ತಾಳೆ. ಆಮೇಲೆ ನನ್ನತ್ತ ಬಂದು ಕ್ಯಾಮೆರಾಕ್ಕೆ ಅಂಗೈ ಅಡ್ಡ ಹಿಡಿದು ‘ಸಾಕು ಕಣೇ’ ಎನ್ನುತ್ತಾಳೆ, ಕೈ ತೆಗೆದು ಮತ್ತೆ ಕುಣಿಯುತ್ತಾಳೆ. ‘ಮಂಡಿ ನೋವು ಅಂತ ನನ್ ಹತ್ರ ಗೋಳಾಡ್ತಿದ್ಲಲ್ಲ ಇವ್ಳು’ ಎಂದು ಅತ್ತೆ ಬೈದಳು, ಬೈಯುತ್ತಲೇ ಅತ್ತಳು. ತಿಬ್ರಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಗುತ್ತಿದ್ದಳು. ಅವಳು ನಕ್ಕದ್ದನ್ನು ನಾನು ಬೇಸಿಗೆಯಿಂದ ನೋಡಿರಲಿಲ್ಲ.

ನೀನು ಅಳಿಸು ಎಂದದ್ದು ಇದನ್ನು. ಗೊತ್ತಿಲ್ಲದೆ ಅಂದೆ, ಒಪ್ಪುತ್ತೇನೆ. ಆದರೆ ಗೊತ್ತಿಲ್ಲದ್ದನ್ನು ಕೇಳಿ ತಿಳಿದುಕೊಳ್ಳದೆ ಅಪ್ಪಣೆ ಕೊಡುತ್ತೀಯಲ್ಲ, ಅದನ್ನು ಇನ್ನು ನಾನು ಕೇಳುವುದಿಲ್ಲ. ಉಳಿದ ಮದುವೆಗಳನ್ನೆಲ್ಲ ಅದೇ ಕಪ್ಪು ಪರದೆಯಿಂದ ನಾನೇ ಹೊರತೆಗೆದು ಭದ್ರ ಮಾಡಿದೆ. ಆ ಹೊತ್ತಿಗೆ ಯಾರೂ ದಾರಿ ಹೇಳಬೇಕಿರಲಿಲ್ಲ. ಆಮೇಲೆ ಒಳಗಿದ್ದದ್ದನ್ನು ನನ್ನ ಕೈಯಾರೆ ಅಳಿಸಿ, ಖಾಲಿ ಡಬ್ಬವನ್ನು ಮಿಫ್ತಾಹ್‌ಗೆ ಕೊಟ್ಟೆ. ಅವನು ರಿಪೇರಿ ಮಾಡಿ ತಂದಿಟ್ಟಿದ್ದಾನೆ. ಮಾರಲಿಲ್ಲ ಎಂದು ಅವನ ಮೇಲೆ ಹಾರಾಡಬೇಡ; ಅವನ ಹೆಂಡತಿ ಈಗ ನನ್ನ ಕಡೆ, ಅವನ ಅಮ್ಮನೂ ನನ್ನ ಕಡೆ. ಬರುವ ಗುರುವಾರ ಝ್ಲೀತನ್‌ನಲ್ಲಿ ಒಂದು ಮದುವೆ ಒಪ್ಪಿಕೊಂಡಿದ್ದೇನೆ. ಹೋಗುತ್ತೇನೆ. ಅತ್ತೆ ಜೊತೆಗೆ ಬರುತ್ತಾಳೆ, ಅವಳಿಗೆ ಊಟದ ಮೇಲೆ ಕಣ್ಣು. ನನ್ನನ್ನು ತಡೆಯಬೇಕೆಂದಿದ್ದರೆ ಫೋನಿನಲ್ಲಿ ಆಗುವುದಿಲ್ಲ ಅಣ್ಣಾ, ಬಾಗಿಲಿಗೆ ಅಡ್ಡ ನಿಂತು ತಡೆಯಬೇಕು. ಬಾ. ತಡೆಯುವುದಕ್ಕಾದರೂ ಬಾ.

ತಿಬ್ರಾಳ ಮಾವ ಸರಕು ತರಲು ಇಜ್ಮಿರ್‌ಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಜೊತೆಗೆ ಹುರಿದ ಬಾರ್ಲಿ ಹಿಟ್ಟು, ಖರ್ಜೂರದ ಪಾಕ, ನಮ್ಮ ನಿಂಬೆಯ ಉಪ್ಪಿನಕಾಯಿ ಇವೆ. ಪಾಕದ ಡಬ್ಬಿಯನ್ನು ನೆಟ್ಟಗೆ ಇಡಲು ಹೇಳಿದ್ದೇನೆ, ಕೇಳುತ್ತಾರೋ ಇಲ್ಲವೋ. ಅತ್ತಿಗೆಗೆ ನನ್ನ ಸಲಾಮು ಹೇಳು, ಮಕ್ಕಳ ಕೆನ್ನೆಗೆ ನನ್ನ ಲೆಕ್ಕದಲ್ಲಿ ಮುತ್ತು ಕೊಡು. ಅತ್ತೆ ನಿನ್ನನ್ನು ಹರಸುತ್ತಾಳಂತೆ, ಹರಸಿದ ಮೇಲೆ ಬೈಯುತ್ತಾಳಂತೆ. ಎರಡನ್ನೂ ಬರೆ ಎಂದಿದ್ದಾಳೆ, ಬರೆದಿದ್ದೇನೆ. ದೇವರು ನಿನ್ನ ಸೊಂಟಕ್ಕೆ ಬಲ ಕೊಡಲಿ, ಕಾಲಿಗೆ ಊರಿನ ದಾರಿ ತೋರಿಸಲಿ.

ನಿನ್ನ ಮಾತು ಕೇಳದ ತಂಗಿ,
ಮಬ್ರೂಕಾ

ಮರೆತಿದ್ದೆ, ಹೊರಗೆ ಕಾರು ಹಾರ್ನ್ ಹೊಡೆಯುತ್ತಿದೆ, ಬೇಗ ಬೇಗ ಬರೆಯುತ್ತೇನೆ. ಇಲ್ಲಿಯವರೆಗೆ ಓದಿದ ನೀನು ಹಿಟ್ಟಿನ ಡಬ್ಬಿಯೊಳಗೆ ಪೆನ್‌ಡ್ರೈವ್ ಹುಡುಕುತ್ತೀಯ, ನನಗೆ ಗೊತ್ತು. ಇಲ್ಲ. ಕಳಿಸಿಲ್ಲ, ಎಷ್ಟು ಬೇಡಿಕೊಂಡರೂ ಕಳಿಸುವುದಿಲ್ಲ. ಬೇರೆ ಹೆಂಗಸರು ಇರುವುದನ್ನೆಲ್ಲ ತೆಗೆದು, ಅಮ್ಮ ಒಬ್ಬಳೇ ಹಾಡುವ ಭಾಗವನ್ನು ನಿನಗೆಂದೇ ಬೇರೆ ಮಾಡಿಟ್ಟಿದ್ದೇನೆ. ಆದರೆ ಅದು ಈ ಮನೆಯಲ್ಲೇ, ರಿಪೇರಿಯಾಗಿ ಬಂದ ಯಂತ್ರದೊಳಗೇ ಇರುತ್ತದೆ. ನೀನೇ ಬಂದು ಕಪ್ಪು ಪರದೆಯ ಮುಂದೆ ಕೂತು, ಸಿ ಡಿ ಹೊಡೆದು, ಜಾಗ ಬಿಟ್ಟು, ಟ್ಯಾಬ್ ಒತ್ತಿ ಒಳಗೆ ಹೋಗು. ನಾನು ಪಕ್ಕದಲ್ಲಿ ಕೂತು ಹೇಳಿಕೊಡುತ್ತೇನೆ. ನಿನ್ನ ಮಾತು ಮೀರಬಲ್ಲೆ, ಅಮ್ಮನದನ್ನು ಮೀರಲಾರೆ. ಅವಳು ಆ ಫೋಲ್ಡರಿಗೆ ಏನು ಹೆಸರಿಟ್ಟಿದ್ದಳೆಂದು ನನಗೆ ತಿಳಿದದ್ದು ತಿಬ್ರಾ ಲ್ಯಾಪ್‌ಟಾಪಿನಲ್ಲಿ, ಅಲ್ಲಿ ನಮ್ಮ ಅಕ್ಷರ ಕಾಣುತ್ತದೆ. ಒಂದೇ ಬೆರಳಲ್ಲಿ ಕುಟ್ಟಿ ಅವಳು ಬರೆದದ್ದು ಇಷ್ಟೇ: ಅಶೂರ್ ಬಂದಾಗ.